ಎರಡೂಕಾಲು ತ್ಯಾವ್

ಗಿರಾಕಿಗೆ ಕಳಿಸಿದ ಮೂವತ್ತಾರು ಉಕ್ಕಿನ ಶಾಫ್ಟುಗಳೂ ವಾಪಸ್ ಬಂದವು. ಒಂದೋ ಎರಡೋ ಬಂದಿದ್ದರೆ ಏನಾದರೂ ನೆಪ ಹೇಳಬಹುದಿತ್ತು. ಹೋದಷ್ಟೂ ಹೋದ ದಾರಿಯಲ್ಲೇ ತಿರುಗಿ ಬಂದಿದ್ದವು, ಅದೂ ಪ್ರತಿ ಪೆಟ್ಟಿಗೆಯ ಮೇಲೂ ಕೆಂಪು ಚೀಟಿ ಅಂಟಿಸಿಕೊಂಡು. ತೈಚುಂಗ್ ಊರಿನ ದಾಲಿ ಕಡೆಯ ಆ ಗಲ್ಲಿಯಲ್ಲಿ ಒಂದರ ಬೆನ್ನಿಗೆ ಒಂದರಂತೆ ಇಪ್ಪತ್ತು ಮೂವತ್ತು ಸಣ್ಣ ಕಾರ್ಖಾನೆಗಳು. ಕೆಂಪು ಚೀಟಿಯ ಪೆಟ್ಟಿಗೆ ಯಾರ ಬಾಗಿಲಲ್ಲಿ ಇಳಿಯಿತು ಅನ್ನುವುದು ಒಂದು ಲೋಟ ಚಹಾ ಆರುವಷ್ಟರಲ್ಲಿ ಗಲ್ಲಿಗೆಲ್ಲ ಗೊತ್ತಾಗುತ್ತದೆ. ಎದುರುಗಡೆ ಸ್ಪ್ರಿಂಗ್ ಸುತ್ತುವವನು ಸುಮ್ಮನೆ ಗಾಳಿಗೆ ಬಂದವನ ಹಾಗೆ ಬಾಗಿಲಿಗೆ ಬಂದು, ಪೆಟ್ಟಿಗೆಗಳನ್ನು ಎಣಿಸಿ, ಒಳಗೆ ಹೋದ. ಮನುಷ್ಯರ ಬುದ್ಧಿಯೇ ಇಷ್ಟು, ಏನು ಮಾಡುವುದು.

ಯಾವ್ ಮಾನ್‌ಚುನ್ ಆ ಪೆಟ್ಟಿಗೆಗಳನ್ನು ಒಂದೊಂದಾಗಿ ಅಳತೆ ಕೋಣೆಯೊಳಗೆ ಎಳೆದುಕೊಂಡಳು. ಸಹಾಯಕ್ಕೆ ಬಂದವರನ್ನು ಕಣ್ಣಲ್ಲೇ ಗದರಿಸಿ ಕಳಿಸಿದಳು. ನಲವತ್ತಾರು ವರ್ಷದ ಹೆಂಗಸು, ಈ ಕಾರ್ಖಾನೆಗೆ ಬಂದು ಇಪ್ಪತ್ತೆರಡು ವರ್ಷ, ಅಳತೆ ಕೋಣೆಯ ಜವಾಬ್ದಾರಿ ಹೊತ್ತು ಹನ್ನೊಂದು. ಆ ಸಂಜೆ ಅವಳಿಗೆ ಪೆಟ್ಟಿಗೆಯ ಭಾರ ಗೊತ್ತಾಗಲಿಲ್ಲ. ಈ ಮೂವತ್ತಾರನ್ನೂ ಗ್ರೈಂಡಿಂಗ್ ಮಷೀನಿನ ಕಲ್ಲಿನಲ್ಲಿ ಉಜ್ಜಿ ಅಳತೆಗೆ ತಂದವನು ಲೈ ಕುನ್‌ಶುಯ್, ಅವಳಿಗೆ ಕೆಲಸ ಕಲಿಸಿದ ಗುರು.

ಕುನ್‌ಶುಯ್‌ಗೆ ಅರವತ್ತೇಳು. ಎರಡು ತಿಂಗಳ ಹಿಂದೆ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು, ಆರು ವಾರ ಮನೆಯಲ್ಲಿ ಕೂತು, ಕೂರಲಾರದೆ ಎದ್ದು ಬಂದಿದ್ದ. ಬಂದ ದಿನವೇ ಯಜಮಾನ ಝಾನ್ ಅವನನ್ನು ಕೂರಿಸಿಕೊಂಡು, ಚಹಾ ಬಗ್ಗಿಸಿ, ಸುತ್ತಿ ಬಳಸಿ ಒಂದು ಮಾತು ಹೇಳಿದ್ದ. ಈ ಮೂವತ್ತಾರು ಶಾಫ್ಟು ಮಾಡಿ ದೊಡ್ಡಪ್ಪ, ಆಮೇಲೆ ಮುಂದಿನ ವಿಚಾರ ಮಾತಾಡೋಣ, ಅಂತ. ಸುತ್ತಿ ಬಳಸಿದ್ದು ವ್ಯರ್ಥ, ಕುನ್‌ಶುಯ್‌ಗೆ ಅರ್ಥವಾಗದೇ ಇರಲಿಲ್ಲ. ಅವನೇ ಬಾಯಿಬಿಟ್ಟು ಹೇಳಿದ್ದ: "ನೋಡಪ್ಪಾ, ನನ್ನ ಕೈ ಕೆಟ್ಟಿದೆ ಅಂತ ಗೊತ್ತಾದ ದಿನ ಆ ಮಷೀನ್ ಮುಂದೆ ಒಂದು ಗಂಟೆ ಜಾಸ್ತಿ ನಿಲ್ಲಲ್ಲ. ನೀನು ಹೇಳೋ ಕಷ್ಟ ನಿಂಗೆ ಬೇಡ."

ಈಗ ಗೊತ್ತಾಯಿತಲ್ಲ. ಗಿರಾಕಿಯ ಕಡೆಯವರ ಬಳಿ ರಿಂಗ್ ಗೇಜ್ ಇತ್ತು, ಅಂದರೆ ಒಂದು ಉಕ್ಕಿನ ಉಂಗುರ. ಶಾಫ್ಟು ಸರಿಯಿದ್ದರೆ ಉಂಗುರ ಅದರ ಮೇಲೆ ಇಳಿಯುತ್ತದೆ, ದಪ್ಪವಿದ್ದರೆ ಇಳಿಯುವುದಿಲ್ಲ. ಮೂವತ್ತಾರರಲ್ಲಿ ಒಂದರ ಮೇಲೂ ಇಳಿದಿರಲಿಲ್ಲ. ಎಷ್ಟು ದಪ್ಪ ಅನ್ನುವುದನ್ನು ಉಂಗುರ ಹೇಳುವುದಿಲ್ಲ, ಹೌದು ಅಲ್ಲ ಅನ್ನುವುದಷ್ಟೇ ಅದರ ಭಾಷೆ. ಅವರೂ ಅಳೆಯುವ ಗೋಜಿಗೆ ಹೋಗದೆ ಲಾರಿಗೆ ಹಾಕಿ ಕಳಿಸಿದ್ದರು.

ಕಳಿಸುವ ಮುಂಚೆ ನೀವು ಅಳೆಯಲಿಲ್ಲವೇ, ಅಳತೆ ಕೋಣೆ ಇಟ್ಟುಕೊಂಡಿರುವುದು ಯಾಕೆ, ಎಂದು ಹೊರಗಿನವರು ಕೇಳಿಯಾರು. ಅಳೆಯಲಿಲ್ಲ. ಆ ಕಾರ್ಖಾನೆಯಲ್ಲಿ ಹೊಸ ಹುಡುಗರು ಮಾಡಿದ್ದನ್ನು ಅಳೆಯುತ್ತಿದ್ದರು, ಹತ್ತು ವರ್ಷದ ಅನುಭವಿಗಳು ಮಾಡಿದ್ದನ್ನೂ ಅಳೆಯುತ್ತಿದ್ದರು. ಕುನ್‌ಶುಯ್ ಮಾಡಿದ್ದನ್ನು ಮಾತ್ರ ಮೂವತ್ತು ವರ್ಷದಿಂದ ಯಾರೂ ಅಳೆದಿರಲಿಲ್ಲ. ಯಜಮಾನನ ಅಪ್ಪನ ಕಾಲದಿಂದ ಬಂದ ಮರ್ಯಾದೆ ಅದು. ಅವನು ತಾನೇ ಅಳೆದು, ಎಣ್ಣೆ ಕಾಗದ ಸುತ್ತಿ, ಪೆಟ್ಟಿಗೆಗೆ ಇಟ್ಟನೆಂದರೆ ಮುಗಿಯಿತು.

ಆದರೂ ಈ ಸಲ ಅಳೆಯಬೇಕೆಂದು ಮಾನ್‌ಚುನ್‌ಗೆ ಅನಿಸಿತ್ತು, ಸುಳ್ಳೇಕೆ. ಪೆಟ್ಟಿಗೆಯ ಮುಚ್ಚಳದ ಮೇಲೆ ಎರಡು ಸಲ ಕೈ ಇಟ್ಟು ಎರಡು ಸಲ ತೆಗೆದಿದ್ದಳು. ಅಳೆದು, ತಪ್ಪಿದೆ ಅಂತ ಗೊತ್ತಾದರೆ? ಅದನ್ನು ಅವನ ಮುಂದೆ ಹೋಗಿ ಹೇಳುವವರು ಯಾರು? ಅವಳಿಗೆ ಧೈರ್ಯ ಸಾಲಲಿಲ್ಲ. ಪೆಟ್ಟಿಗೆ ಮುಚ್ಚಿ ಕಳಿಸಿದ್ದಳು.

ಅಂದು ಸಂಜೆ ಕಾರ್ಖಾನೆಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಕುನ್‌ಶುಯ್ ಕೈ ತೊಳೆದುಕೊಂಡು ಬಂದು ಅಳತೆ ಕೋಣೆಯ ಬಾಗಿಲಲ್ಲಿ ನಿಂತ. ಸಾಮಾನ್ಯವಾಗಿ ಅವನು ಬಂದರೆ ಮೊದಲು ಅವನ ಬೈಗುಳ ಒಳಗೆ ಬರುತ್ತದೆ, ಆಮೇಲೆ ಅವನು. ಆ ದಿನ ಬರೀ ಅವನೇ ಬಂದ.

"ಆ-ಚುನ್."

"ಹೇಳಿ ಸಾಯ್‌ಹು." ಆ ಕಡೆ ಕೆಲಸ ಕಲಿಸಿದ ಗುರುವನ್ನು ಕರೆಯುವುದೇ ಹಾಗೆ.

"ಅಳೆಯೋಕೆ ಹೋಗ್ಬೇಡ. ಕಣ್ಣು ಹೋಗಿದೆ ಅಷ್ಟೇ. ಹೊಸ ಕಣ್ಣಲ್ಲಿ ಎಲ್ಲಾ ಚೆನ್ನಾಗಿ ಕಾಣ್ತದೆ ಅಂತ ಅಂದ್ಕೊಂಡಿದ್ದೆ. ಜಾಸ್ತಿ ಚೆನ್ನಾಗಿ ಕಾಣ್ತದೆ, ಅದೇ ತೊಂದ್ರೆ."

"ಹಾಗೆಲ್ಲ ಮಾತಾಡ್ಬೇಡಿ. ನಾಳೆ ನೋಡೋಣ."

"ನಾಳೆ ನೋಡೋದು ಏನಿದೆ? ಮೂವತ್ತಾರಕ್ಕೆ ಮೂವತ್ತಾರೂ ತಪ್ಪಿದ್ರೆ ಮನುಷ್ಯನಿಗೆ ನಾಚಿಕೆ ಇರ್ಬೇಕು," ಎಂದವನು ಸ್ಕೂಟರ್ ಹತ್ತಿ ಹೋದ. ಹೆಲ್ಮೆಟ್ ಹಾಕಿಕೊಳ್ಳುವುದನ್ನು ಮರೆತಿದ್ದ. ಗೇಟಿನ ಹತ್ತಿರ ಯಾರೋ ಕೂಗಿ ಹೇಳಿದ ಮೇಲೆ ನಿಲ್ಲಿಸಿ ಹಾಕಿಕೊಂಡ.

ಮಾನ್‌ಚುನ್ ಮನೆಗೆ ಹೋಗಿ ಅನ್ನದ ಬಟ್ಟಲನ್ನು ಮುಂದಿಟ್ಟುಕೊಂಡು ಕೂತಳು. ಗಂಡ ಏನೋ ಕೇಳಿದ್ದಕ್ಕೆ ಏನೋ ಹೇಳಿದಳು. ಅವಳಿಗೆ ಬೇರೆ ಯೋಚನೆಯೇ ಇರಲಿಲ್ಲ. ಆ ಮುದುಕನಿಗೆ ಮಷೀನ್ ಬಿಟ್ಟರೆ ಪ್ರಪಂಚದಲ್ಲಿ ಇನ್ನೇನೂ ಗೊತ್ತಿಲ್ಲ. ಇಸ್ಪೀಟು ಆಡುವುದಿಲ್ಲ, ಪಾರ್ಕಿನಲ್ಲಿ ಕೂತು ಹರಟುವುದಿಲ್ಲ, ದೇವಸ್ಥಾನಕ್ಕೆ ಕರೆದರೆ ಅಲ್ಲಿನ ಕಂಬ ನೆಟ್ಟಗಿದೆಯೋ ಇಲ್ಲವೋ ಎಂದು ಕಣ್ಣಲ್ಲೇ ಅಳೆಯುತ್ತಾನೆ. ಅವನನ್ನು ಮಷೀನಿನಿಂದ ಇಳಿಸಿದರೆ ಅವನೇನು ಮಾಡಿಯಾನು? ಅನ್ನ ತಣ್ಣಗಾಯಿತು.

ಮರುದಿನ ಬೆಳಿಗ್ಗೆ ಏಳಕ್ಕೆಲ್ಲ ಬಂದು ಅಳತೆ ಕೋಣೆಯ ಬಾಗಿಲು ತೆಗೆದಳು. ಹೊರಗೆ ಮೂವತ್ತಮೂರು ಡಿಗ್ರಿ ಬೇಯುತ್ತಿದ್ದರೂ ಆ ಕೋಣೆ ಮಾತ್ರ ವರ್ಷವಿಡೀ ಇಪ್ಪತ್ತು. ಅದಕ್ಕೇ ಅವಳ ಕುರ್ಚಿಯ ಬೆನ್ನಿಗೆ ಸದಾ ಒಂದು ಸ್ವೆಟರ್. ಉಕ್ಕಿಗೂ ಜ್ವರ ಬರುತ್ತದೆ, ಕಾದರೆ ಉಬ್ಬುತ್ತದೆ, ಆ ಉಬ್ಬನ್ನು ಅಳೆದು ನಂಬಿದವನು ಕೆಟ್ಟ. ರಾತ್ರಿಯಿಡೀ ಆ ಕೋಣೆಯಲ್ಲಿ ಮಲಗಿದ್ದ ಶಾಫ್ಟುಗಳು ಈಗ ಸರಿಯಾಗಿ ತಣ್ಣಗಾಗಿದ್ದವು. ಅಳೆಯುವ ಯಂತ್ರದ ತಲೆಯ ಮೇಲೆ ಹಸಿರು ಪೊಟ್ಟಣದ ಜೋಳದ ತಿಂಡಿ ಇಟ್ಟಿತ್ತು. ಯಂತ್ರ ಹಟ ಮಾಡದೆ ಹೇಳಿದ ಮಾತು ಕೇಳಲಿ ಎಂದು ಆ ನಾಡಿನಲ್ಲಿ ಎಲ್ಲರೂ ಇಡುತ್ತಾರೆ. ಬ್ಯಾಂಕಿನವರೂ ಇಡುತ್ತಾರೆ, ಆಸ್ಪತ್ರೆಯವರೂ ಇಡುತ್ತಾರೆ, ನಗುವವರು ನಗಲಿ.

ಕುನ್‌ಶುಯ್ ಅಳೆಯಬೇಡ ಅಂದಿದ್ದ. ಆದರೆ ಅವಳಿಗೆ ಎಷ್ಟು ತಪ್ಪಿದೆ ಎಂದು ತಿಳಿಯದೆ ಇರಲಾಗಲಿಲ್ಲ. ಅರ್ಧ ತ್ಯಾವ್ ತಪ್ಪಿದ್ದರೆ ಯಜಮಾನನ ಕೈಕಾಲು ಹಿಡಿದಾದರೂ ಇನ್ನೊಂದು ಅವಕಾಶ ಕೇಳಬಹುದು ಎಂದುಕೊಂಡಳು.

ಈ ತ್ಯಾವ್ ಅನ್ನುವುದು ಆ ಗಲ್ಲಿಯ ಅಳತೆ. ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿದರೆ ಒಂದು ಪಾಲು ಒಂದು ತ್ಯಾವ್. ಗಿರಾಕಿಗಳ ನಕ್ಷೆಗಳಲ್ಲಿ ಮೈಕ್ರಾನ್ ಇರುತ್ತದೆ, ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಒಂದು. ಅಂದರೆ ಹತ್ತು ಮೈಕ್ರಾನಿಗೆ ಒಂದು ತ್ಯಾವ್. ಲೆಕ್ಕ ಇಷ್ಟೇ, ಬಿಂದುವನ್ನು ಒಂದು ಮನೆ ಎಡಕ್ಕೆ ಸರಿಸಿದರಾಯಿತು. ಆದರೆ ಕುನ್‌ಶುಯ್‌ಗೆ ಮೈಕ್ರಾನ್ ಅಂದರೆ ಅಲರ್ಜಿ. ಹದಿನಾಲ್ಕನೇ ವಯಸ್ಸಿನಿಂದ ಅವನ ಬೆರಳು ತ್ಯಾವಿನಲ್ಲೇ ಯೋಚಿಸಿದ್ದು. ಅದಕ್ಕೇ ಹನ್ನೊಂದು ವರ್ಷದಿಂದ ಮಾನ್‌ಚುನ್ ಪ್ರತಿ ನಕ್ಷೆಯ ಮೈಕ್ರಾನನ್ನೂ ತ್ಯಾವಿಗೆ ಇಳಿಸಿ, ದಪ್ಪ ಅಕ್ಷರದಲ್ಲಿ ಒಂದು ಚೀಟಿ ಬರೆದು ಅವನ ಮಷೀನಿಗೆ ಅಂಟಿಸುತ್ತಿದ್ದಳು. ಬಿಂದು ಸರಿಸಿ ಸರಿಸಿ ಅವಳಿಗೆ ಅದು ಉಸಿರಾಡಿದಷ್ಟು ಸಲೀಸಾಗಿತ್ತು.

ಮೊದಲನೇ ಶಾಫ್ಟಿನ ಎಣ್ಣೆ ಕಾಗದ ಬಿಚ್ಚಿ, ಒರೆಸಿ, ಯಂತ್ರಕ್ಕೆ ಇಟ್ಟಳು. ಕೆಂಪು ಚೀಟಿಯಲ್ಲಿ ಬೇಕಾದ ಅಳತೆ ಬರೆದಿತ್ತು: 24.975 ಮಿಲಿಮೀಟರ್. ಪರದೆಯ ಮೇಲೆ ಬಂದದ್ದು 24.9975.

ಇಪ್ಪತ್ತೆರಡೂವರೆ ಮೈಕ್ರಾನ್ ದಪ್ಪ. ಎರಡೂಕಾಲು ತ್ಯಾವ್! ನಿನ್ನೆ ಕೆಲಸಕ್ಕೆ ಸೇರಿದ ಹುಡುಗನೂ ಇಷ್ಟು ತಪ್ಪುವುದಿಲ್ಲ. ಕುನ್‌ಶುಯ್ ತನ್ನ ಜನ್ಮದಲ್ಲಿ ಅರ್ಧ ತ್ಯಾವ್ ತಪ್ಪಿದವನಲ್ಲ. ಅಯ್ಯೋ ದೇವರೇ, ಕಣ್ಣು ನಿಜವಾಗಿಯೂ ಹೋಗಿದೆ, ಎಂದುಕೊಂಡಳು. ಕುರ್ಚಿಯ ಮೇಲೆ ಕೂತು ಸ್ವೆಟರಿನ ತೋಳಿನಿಂದ ಮೂಗು ಒರೆಸಿಕೊಂಡಳು. ಯಜಮಾನನ ಹತ್ತಿರ ಹೋಗಿ ಯಾವ ಬಾಯಲ್ಲಿ ಅವಕಾಶ ಕೇಳುವುದು?

ಇನ್ನೊಂದು ನೋಡೋಣವೆಂದು ಎರಡನೆಯದನ್ನು ಇಟ್ಟಳು. 24.9974.

ಮೂರನೆಯದು 24.9973. ನಾಲ್ಕನೆಯದು 24.9975. ಐದನೆಯದು ಮತ್ತೆ 24.9975.

ಮಾನ್‌ಚುನ್ ಐದನೆಯದನ್ನು ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಳು. ಏನೋ ಸರಿಯಿಲ್ಲ. ತಪ್ಪಿದರೆ ಹೀಗೆ ತಪ್ಪುವುದಿಲ್ಲ. ಕಣ್ಣು ಮಸುಕಾದವನು ಒಂದನ್ನು ದಪ್ಪ ಮಾಡುತ್ತಾನೆ, ಒಂದನ್ನು ಸಣ್ಣ ಮಾಡುತ್ತಾನೆ, ಒಂದು ಅಪ್ಪಿತಪ್ಪಿ ಸರಿಯಾಗಿಬಿಡುತ್ತದೆ. ಇಲ್ಲಿ ಐದೂ ಒಂದೇ ತಾಯಿಯ ಮಕ್ಕಳು. ಅವಳ ಕೈ ಚುರುಕಾಯಿತು. ಆರು, ಏಳು, ಎಂಟು. ಮೂವತ್ತಾರನ್ನೂ ಒರೆಸಿ, ಇಟ್ಟು, ಬರೆದುಕೊಂಡಳು. ಒಂದೂವರೆ ಗಂಟೆ ಹಿಡಿಯಿತು, ಮಧ್ಯೆ ಬಾಗಿಲು ಬಡಿದವರಿಗೆ ಉತ್ತರ ಕೊಡಲಿಲ್ಲ. ಮೂವತ್ತಾರೂ ಒಂದಕ್ಕೊಂದು ಒಂದು ಮೈಕ್ರಾನಿಗಿಂತ ಹೆಚ್ಚು ಆಚೀಚೆ ಇರಲಿಲ್ಲ.

ಇದು ಕೆಟ್ಟ ಕಣ್ಣಿನ ಕೆಲಸವಲ್ಲ. ಇಂಥ ಕೆಲಸ ಮಾಡುವ ಇನ್ನೊಬ್ಬ ಈ ಊರಿನಲ್ಲಿ ಇದ್ದರೆ ಕರೆದುಕೊಂಡು ಬನ್ನಿ ನೋಡೋಣ. ಅವನು ಏನು ಮಾಡಬೇಕೆಂದುಕೊಂಡನೋ ಅದನ್ನು ಕೂದಲೆಳೆಯಷ್ಟೂ ಬಿಡದೆ ಮಾಡಿದ್ದಾನೆ. ಹಾಗಾದರೆ 24.9975 ಮಾಡು ಅಂತ ಅವನಿಗೆ ಹೇಳಿದವರು ಯಾರು?

ಹೇಳುವವರು ಒಬ್ಬರೇ ಇದ್ದದ್ದು. ಮಾನ್‌ಚುನ್ ಡ್ರಾಯರ್ ಎಳೆದು ಆ ಕೆಲಸದ ಕಡತ ತೆಗೆದಳು. ಮೇಲೆಯೇ ಅವಳ ಚೀಟಿಯ ನಕಲು ಇತ್ತು, ಅವಳದೇ ದಪ್ಪ ಅಕ್ಷರ. ಶಾಫ್ಟು ಒಳಗೆ ತಿರುಗುವ ಬುಷ್ಷಿನ ತೂತು ಇಪ್ಪತ್ತೈದು ಮಿಲಿಮೀಟರ್, ಶಾಫ್ಟು ಅದಕ್ಕಿಂತ ಕಾಲು ತ್ಯಾವ್ ಸಣ್ಣ. ಅದರ ಕೆಳಗೆ ಗಿರಾಕಿಯ ನಕ್ಷೆ. ಶಾಫ್ಟಿಗೂ ಬುಷ್ಷಿಗೂ ನಡುವಿನ ಸಂದಿನ ಅಳತೆಯ ಮುಂದೆ 2.5 ಎಂದಿತ್ತು. ಅದರ ಪಕ್ಕದಲ್ಲಿ, ಹನ್ನೊಂದು ವರ್ಷದಿಂದ ಮೈಕ್ರಾನಿನ ಗುರುತು ಇರುತ್ತಿದ್ದ ಜಾಗದಲ್ಲಿ, ಯಾರೋ ಮುದ್ದಾದ ಕೈಬರಹದಲ್ಲಿ ಸ್ಪಷ್ಟವಾಗಿ ಬರೆದಿದ್ದರು: ತ್ಯಾವ್.

ಎರಡೂವರೆ ತ್ಯಾವ್. ಮೊದಲೇ ತ್ಯಾವಿಗೆ ಇಳಿಸಿದ್ದದ್ದು. ಅವಳು ಅದನ್ನು ಓದಲೇ ಇಲ್ಲ, ಕೈ ತನ್ನಷ್ಟಕ್ಕೆ ತಾನೇ ಬಿಂದುವನ್ನು ಇನ್ನೊಂದು ಮನೆ ಸರಿಸಿ, ಎರಡೂವರೆಯನ್ನು ಕಾಲು ಮಾಡಿಬಿಟ್ಟಿತ್ತು. ಎರಡೂವರೆಯಲ್ಲಿ ಕಾಲು ಕಳೆದರೆ ಎರಡೂಕಾಲು. ಲೆಕ್ಕ ಚುಕ್ತಾ.

"ನಾನೇ!" ಎಂದಳು ಮಾನ್‌ಚುನ್ ಖಾಲಿ ಕೋಣೆಯಲ್ಲಿ. "ಅಯ್ಯಯ್ಯೋ, ನಾನೇ!"

ತಪ್ಪು ತನ್ನದೆಂದು ಗೊತ್ತಾದಾಗ ಜನ ಮಂಕಾಗುತ್ತಾರೆ, ಬೇರೆಯವರ ಮೇಲೆ ಹಾಕಲು ದಾರಿ ಹುಡುಕುತ್ತಾರೆ. ಈ ಹೆಂಗಸಿಗೆ ಹೋದ ಜೀವ ಬಂದಂತಾಯಿತು. ನಿನ್ನೆಯಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದು ಹೋಯಿತು. ನಗು ಬಂತು, ಅದರ ಬೆನ್ನಿಗೇ ಅಳು ಬಂತು, ಎರಡನ್ನೂ ಒಟ್ಟಿಗೆ ಮಾಡಿದಳು. ಕಡತವನ್ನು ಕಂಕುಳಲ್ಲಿ ಇರುಕಿಕೊಂಡು ಕಾರ್ಖಾನೆಯೊಳಕ್ಕೆ ಓಡಿದಳು. ಬೇಯುವ ಸೆಕೆಯಲ್ಲಿ ಸ್ವೆಟರ್ ಹಾಕಿಕೊಂಡು ಓಡುತ್ತಿದ್ದವಳನ್ನು ನೋಡಿ ಡ್ರಿಲ್ಲಿಂಗಿನವರು ಕೈ ನಿಲ್ಲಿಸಿದರು.

ಕುನ್‌ಶುಯ್ ತನ್ನ ಮಷೀನಿನ ಪಕ್ಕ ಕಾಲು ಮಡಚಿ ಕೂತಿದ್ದ. ಮುಂದೆ ಹಳೆಯ ಪೇಪರು ಹಾಸಿ, ತನ್ನ ಸ್ವಂತದ ಹತಾರಗಳನ್ನು ಒಂದೊಂದಾಗಿ ಒರೆಸಿ ಸುತ್ತಿಡುತ್ತಿದ್ದ. ಯಜಮಾನ ಝಾನ್ ಎರಡು ಲೋಟ ಚಹಾ ಹಿಡಿದುಕೊಂಡು ಅವನ ಹಿಂದೆ ನಿಂತಿದ್ದ. ಯಾವ ಲೋಟವನ್ನು ಯಾರಿಗೆ ಕೊಡಬೇಕೆಂದೇ ತಿಳಿಯದವನ ಹಾಗೆ ನಿಂತಿದ್ದ, ಪಾಪ. ಮೂವತ್ತೆಂಟು ವರ್ಷದವನು, ಈ ಮುದುಕನ ಹೆಗಲ ಮೇಲೆ ಕೂತು ಬೆಳೆದವನು.

"ಸಾಯ್‌ಹು! ಅದನ್ನೆಲ್ಲ ಬಿಚ್ಚಿ! ಬಿಚ್ಚಿ ಅಂದೆ!"

"ಯಾಕೆ ಕೂಗ್ತೀಯ? ಬೆಂಕಿ ಬಿದ್ದಿದ್ಯಾ?"

"ತಪ್ಪು ನಂದು! ನಿಮ್ದಲ್ಲ, ನಂದು! ನಾನು ಚೀಟಿ ತಪ್ಪು ಬರೆದೆ. ಎರಡೂವರೆ ತ್ಯಾವ್ ಅಂತ ಬರೀಬೇಕಿತ್ತು, ಕಾಲು ತ್ಯಾವ್ ಅಂತ ಬರೆದೆ!" ಅಷ್ಟು ಸಂತೋಷದಿಂದ ತಪ್ಪೊಪ್ಪಿಕೊಂಡವರನ್ನು ಆ ಗಲ್ಲಿಯಲ್ಲಿ ಯಾರೂ ನೋಡಿರಲಿಕ್ಕಿಲ್ಲ.

ಕುನ್‌ಶುಯ್ ತಲೆ ಎತ್ತಲಿಲ್ಲ. "ನನ್ನ ಉಳಿಸೋಕೆ ಸುಳ್ಳು ಹೇಳ್ಬೇಡ ಆ-ಚುನ್. ನಂಗೆ ಆ ಥರ ಮರ್ಯಾದೆ ಬೇಡ."

"ಸುಳ್ಳಾ? ಸುಳ್ಳಾ? ಹಿಡ್ಕೊಳ್ಳಿ, ನೀವೇ ನೋಡಿ." ಅಳತೆಯ ಹಾಳೆಯನ್ನು ಅವನ ಮೂಗಿನ ಮುಂದೆ ಹಿಡಿದಳು. "ಮೂವತ್ತಾರೂ ಅಳೆದಿದ್ದೀನಿ. ಬೇಡ ಅಂದ್ರಿ, ಆದ್ರೂ ಅಳೆದೆ, ಬೇಕಾದ್ರೆ ಬೈಯಿರಿ. ಎಲ್ಲಾ ಒಂದೇ ಸಮ ಎರಡೂಕಾಲು ತ್ಯಾವ್ ದಪ್ಪ. ನಾನು ಬರೆದ ಚೀಟಿಗೆ ಎಲ್ಲಾ ಕರೆಕ್ಟು!"

ಕುನ್‌ಶುಯ್ ಒರೆಸುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟ.

"ಒಂದೇ ಸಮ?"

"ಒಂದೇ ಸಮ ಸಾಯ್‌ಹು."

"ಮೂವತ್ತಾರೂ?"

"ಮೂವತ್ತಾರೂ! ಕಣ್ಣು ಹೋದವರು ಹೀಗೆ ಮಾಡೋಕಾಗುತ್ತಾ? ನೀವೇ ಹೇಳಿ."

ಮುದುಕ ಹಾಳೆ ತೆಗೆದುಕೊಂಡ. ಸಾಲಿನಿಂದ ಸಾಲಿಗೆ ಅವನ ಬೆರಳು ಇಳಿಯಿತು. ಆಮೇಲೆ ಅವಳ ಚೀಟಿ ನೋಡಿದ, ಆಮೇಲೆ ನಕ್ಷೆ ನೋಡಿದ, ಮತ್ತೆ ಚೀಟಿ ನೋಡಿದ. ಕಣ್ಣಿಗೆ ಕೈ ಹೋಯಿತು.

"ಉಜ್ಜಬೇಡಿ! ಡಾಕ್ಟ್ರು ಬೇಡ ಅಂದಿದ್ದಾರೆ!" ಎಂದು ಯಜಮಾನನೂ ಮಾನ್‌ಚುನ್ನೂ ಒಟ್ಟಿಗೆ ಕೂಗಿದರು.

"ಉಜ್ಜಲ್ಲ ಹೋಗ್ರಯ್ಯಾ," ಎಂದ ಕುನ್‌ಶುಯ್. ಎದ್ದು ನಿಂತವನೇ ಶುರುಮಾಡಿದ ನೋಡಿ. "ಲೇ ಆ-ಚುನ್! ಇಪ್ಪತ್ತೆರಡು ವರ್ಷ ಆಯ್ತು ನಿಂಗೆ ಕಲಿಸಿ, ಬಿಂದು ಎಲ್ಲಿಡಬೇಕು ಅಂತ ಇನ್ನೂ ಗೊತ್ತಿಲ್ವಾ? ಓದೋಕೆ ಬರಲ್ವಾ? ಅಷ್ಟು ದುಂಡಗೆ ತ್ಯಾವ್ ಅಂತ ಬರೆದಿದ್ದಾರೆ, ನಿನ್ನ ಕಣ್ಣು ಎಲ್ಲಿಟ್ಟಿದ್ದೆ, ಮಾರ್ಕೆಟ್ಟಲ್ಲಿ ಅಡ ಇಟ್ಟಿದ್ಯಾ? ಕಣ್ಣಿನ ಆಪರೇಷನ್ನು ನಂಗಲ್ಲ, ನಿಂಗೆ ಮಾಡಿಸ್ಬೇಕಿತ್ತು!"

ಡ್ರಿಲ್ಲಿಂಗಿನ ಕಡೆಯಿಂದ ಯಾರೋ ಖುಷಿಯಿಂದ ಚಪ್ಪಾಳೆ ತಟ್ಟಿದರು. ಎರಡು ತಿಂಗಳಿಂದ ಆ ಬೈಗುಳ ಕೇಳದೆ ಕಾರ್ಖಾನೆಯೇ ಬಿಕೋ ಅನ್ನುತ್ತಿತ್ತು. ಮಾನ್‌ಚುನ್ ತಲೆ ತಗ್ಗಿಸಿಕೊಂಡು ಕೇಳಿದಳು, ಮುಖದ ತುಂಬ ನಗು. ಬೈಯಲಿ, ಇನ್ನೂ ಬೈಯಲಿ, ಸಂಜೆವರೆಗೂ ಬೈಯಲಿ ಎಂದು ಅವಳಿಗೆ ಅನಿಸಿತು.

ಯಜಮಾನ ಝಾನ್‌ಗೆ ಮಾತ್ರ ಇನ್ನೂ ಸಮಾಧಾನವಾಗಿರಲಿಲ್ಲ. "ಚುನ್ ಅಕ್ಕಾ, ತಪ್ಪು ಯಾರದ್ದಾದ್ರೂ ಇರ್ಲಿ. ಮೂವತ್ತಾರು ಶಾಫ್ಟಿನ ಗತಿ ಏನು? ಕರಗಿಸೋಕೆ ಕಳಿಸೋದಾ?"

ಕುನ್‌ಶುಯ್ ಅವನನ್ನು ಆಪಾದಮಸ್ತಕ ನೋಡಿದ. "ನಿಮ್ಮಪ್ಪ ಇದ್ದಿದ್ರೆ ಈ ಮಾತಿಗೆ ಕಿವಿ ಹಿಂಡ್ತಿದ್ದ. ದಪ್ಪ ಇದೆಯೋ, ಸಣ್ಣ ಆಗಿದೆಯೋ?"

"ದಪ್ಪ."

"ದಪ್ಪ ಇದ್ರೆ ಏನು ಮಾಡ್ತಾರೆ?"

ಯಜಮಾನನಿಗೆ ಹೊಳೆಯಿತು. ದಪ್ಪವಿದ್ದರೆ ಇನ್ನಷ್ಟು ಉಜ್ಜುತ್ತಾರೆ, ಅಷ್ಟೇ. ಅವಳ ಬಿಂದು ಆ ಕಡೆ ಸರಿಯದೆ ಈ ಕಡೆ ಸರಿದಿದ್ದರೆ ಶಾಫ್ಟುಗಳು ಸಣ್ಣಗಾಗಿಬಿಡುತ್ತಿದ್ದವು. ಹೋದ ಉಕ್ಕನ್ನು ಅಂಟಿಸಲು ಯಾವ ಗುರುವಿಗೂ ಬರುವುದಿಲ್ಲ, ಮೂವತ್ತಾರೂ ಗುಜರಿಗೆ. ಈಗ ಎರಡೂಕಾಲು ತ್ಯಾವ್ ತೆಗೆದರೆ ಮುಗಿಯಿತು. ಅವನು ಕೈಯಲ್ಲಿದ್ದ ಎರಡೂ ಲೋಟದ ಚಹಾವನ್ನು ತಾನೇ ಒಂದಾದ ಮೇಲೊಂದು ಕುಡಿದುಬಿಟ್ಟ. "ಉಸ್ಸಪ್ಪಾ," ಎಂದು ಪೆಟ್ಟಿಗೆಯ ಮೇಲೆ ಕುಸಿದು ಕೂತ.

ಕೂತಲ್ಲಿಂದಲೇ ಗಿರಾಕಿಗೆ ಫೋನು ಮಾಡಿದ. ಆ ಕಡೆ ಎತ್ತಿದವನು ನಕ್ಷೆ ಬರೆಯುವ ವೆನ್, ಹೊಸಬ. ವಿಷಯ ಕೇಳಿ ಅವನ ದನಿಯೇ ಉಡುಗಿತು. ಯಜಮಾನ ಫೋನಿನ ಸ್ಪೀಕರ್ ಹಾಕಿದ.

"ಅಕ್ಕಾ, ಅದು ನಾನೇ ಬರೆದದ್ದು. ನಿಮ್ಮಲ್ಲಿ ದೊಡ್ಡ ಗುರುಗಳಿದ್ದಾರಂತೆ, ಅವ್ರಿಗೆ ಮೈಕ್ರಾನ್ ಆಗಲ್ವಂತೆ ಅಂತ ಇಲ್ಲಿ ಎಲ್ರೂ ಹೇಳ್ತಾರೆ. ಅವ್ರಿಗೆ ಆಪರೇಷನ್ ಬೇರೆ ಆಗಿದೆ ಅಂದ್ರು. ಸುಲಭ ಆಗ್ಲಿ ಅಂತ ನಾನೇ ತ್ಯಾವ್ ಮಾಡಿ ಬರೆದೆ. ಫೋನ್ ಮಾಡಿ ಹೇಳ್ಬೇಕಿತ್ತು, ತಪ್ಪಾಯ್ತು."

"ನೀನು ಬರೆದದ್ದು ಸರಿಯಾಗೇ ಇದೆಯಪ್ಪಾ," ಎಂದಳು ಮಾನ್‌ಚುನ್. "ಓದದೇ ಇದ್ದವಳು ನಾನು. ನಿನ್ನ ಅಕ್ಷರ ಚೆನ್ನಾಗಿದೆ, ಹಾಗೇ ಬರಿ."

"ಇಬ್ರೂ ನಂಗೆ ಒಳ್ಳೇದು ಮಾಡ್ತೀವಿ ಅಂತ ಒಂದೇ ಲೆಕ್ಕ ಎರಡು ಸಲ ಮಾಡಿದ್ದೀರ," ಎಂದು ಕುನ್‌ಶುಯ್ ಫೋನಿಗೆ ಗುಡುಗಿದ. "ನನ್ನ ಮೇಲೆ ಕರುಣೆ ಇಟ್ಕೊಳ್ಳೋರೆಲ್ಲ ಸ್ವಲ್ಪ ದೂರ ನಿಂತ್ಕೊಳ್ಳಿ! ಸಂಜೆ ಐದಕ್ಕೆ ಲಾರಿ ಕಳಿಸು. ಆ ಉಂಗುರಾನೂ ಜೊತೆಗೆ ಕಳಿಸು, ನನ್ನ ಕಣ್ಣೆದುರೇ ಇಳೀಬೇಕು."

ಫೋನಿಟ್ಟ ಮೇಲೆ ಮಾನ್‌ಚುನ್‌ಗೆ ಒಂದು ಮಾತು ಉಳಿದಿತ್ತು. ಕೇಳದೆ ಬಿಡುವ ಹೆಂಗಸಲ್ಲ ಅವಳು.

"ಸಾಯ್‌ಹು, ಕಾಲು ತ್ಯಾವ್ ಸಂದು ಅಂದ್ರೆ ಎಷ್ಟು ಬಿಗಿ ಅಂತ ನಿಮಗೆ ಗೊತ್ತು. ಎಣ್ಣೆಗೂ ಜಾಗ ಇರಲ್ಲ. ಆ ಚೀಟಿ ನೋಡಿ ನಿಮಗೇನೂ ಅನಿಸ್ಲಿಲ್ವಾ?"

ಕುನ್‌ಶುಯ್ ಮಷೀನಿನ ಕಲ್ಲಿನ ಮೇಲಿನ ಧೂಳು ಊದಿದ. ಧೂಳು ಇರಲಿಲ್ಲ.

"ಅನಿಸ್ತು."

"ಮತ್ತೆ ಯಾಕೆ ಕೇಳ್ಲಿಲ್ಲ? ಮುಂಚೆ ಆಗಿದ್ರೆ ಚೀಟಿ ಹರಿದು ನನ್ನ ಮುಖದ ಮೇಲೆ ಎಸೀತಿದ್ರಿ."

"ಮುಂಚೆ ಆಗಿದ್ರೆ ಎಸೀತಿದ್ದೆ." ಕಲ್ಲನ್ನು ಇನ್ನೊಮ್ಮೆ ಊದಿ ಹೇಳಿದ, "ಈಗ ಹೋಗಿ ಕೇಳಿದ್ರೆ, ಮುದುಕನಿಗೆ ನಂಬರ್ ಕಾಣ್ತಿಲ್ಲ ಅಂತ ಅಂದ್ಕೊಳ್ತೀರ ಅಂತ ಸುಮ್ಮನಾದೆ. ಮೂರು ಸಲ ಓದ್ದೆ, ಕಾಲು ಅಂತಾನೇ ಇತ್ತು. ನನ್ನ ಕಣ್ಣನ್ನೇ ನಾನು ನಂಬ್ಲಿಲ್ಲ."

"ನಾನೂ ಪೆಟ್ಟಿಗೆ ತೆಗೆದು ಅಳೀಬೇಕು ಅಂದ್ಕೊಂಡೆ ಸಾಯ್‌ಹು. ಹೆದರಿಕೆ ಆಯ್ತು. ಅಳೀಲಿಲ್ಲ."

ಯಜಮಾನ ಕೂತಲ್ಲಿಂದಲೇ ಹಣೆ ಚಚ್ಚಿಕೊಂಡ. "ಇಬ್ರಲ್ಲಿ ಒಬ್ರು ಬಾಯಿ ಬಿಟ್ಟಿದ್ರೆ ನನ್ನ ರಾತ್ರಿ ನಿದ್ದೆ ಉಳೀತಿತ್ತಲ್ರೀ!"

"ನೀನು ಸುಮ್ನಿರು. 'ಆಮೇಲೆ ಮುಂದಿನ ವಿಚಾರ ಮಾತಾಡೋಣ' ಅಂದವನು ನೀನೇ," ಎಂದ ಕುನ್‌ಶುಯ್. ಯಜಮಾನ ಕಿವಿ ಕೆಂಪಗೆ ಮಾಡಿಕೊಂಡು ಎದ್ದು, ಪೇಪರಿನಲ್ಲಿ ಸುತ್ತಿದ್ದ ಹತಾರಗಳನ್ನು ಒಂದೊಂದಾಗಿ ಬಿಚ್ಚಿ ಅವುಗಳ ಜಾಗಕ್ಕೆ ತಾನೇ ಇಡತೊಡಗಿದ. ಎರಡನ್ನು ತಪ್ಪು ಜಾಗಕ್ಕೆ ಇಟ್ಟ, ಅದಕ್ಕೂ ಬೈಸಿಕೊಂಡ.

ಆ ಮಧ್ಯಾಹ್ನ ಕುನ್‌ಶುಯ್ ಮೂವತ್ತಾರನ್ನೂ ಮತ್ತೆ ಮಷೀನಿಗೇರಿಸಿದ. ಊಟದ ಡಬ್ಬಿಗಳು ಬಂದವು, ಬೇಯಿಸಿದ ಹಂದಿ ಮಾಂಸ, ಅನ್ನ, ಉಪ್ಪಿನಲ್ಲಿ ಹಾಕಿದ ಸಾಸಿವೆ ಸೊಪ್ಪು. ಅವನು ಹತ್ತು ನಿಮಿಷದಲ್ಲಿ ಮುಗಿಸಿ ಎದ್ದ. ಮಾನ್‌ಚುನ್ ತನ್ನ ಡಬ್ಬಿಯನ್ನೂ ನಿನ್ನೆ ರಾತ್ರಿಯ ಊಟವನ್ನೂ ಸೇರಿಸಿ ಉಂಡಳು ಅನ್ನಬೇಕು, ಯಜಮಾನನ ಡಬ್ಬಿಯಿಂದ ಮೊಟ್ಟೆಯನ್ನೂ ಎತ್ತಿಕೊಂಡಳು. ಮುಗಿದ ಶಾಫ್ಟುಗಳು ಹತ್ತತ್ತಾಗಿ ಅಳತೆ ಕೋಣೆಗೆ ಬಂದು ತಣ್ಣಗಾದವು. ಈ ಸಲ ಅವನೇ ಹೇಳಿದ್ದ: "ಎಲ್ಲಾ ಅಳಿ. ಇವತ್ತಿಂದ ನಂದೂ ಅಳಿ. ಮರ್ಯಾದೆ ಗಿರ್ಯಾದೆ ಬೇಡ. ಅಳೀದೇ ಹೊರಗೆ ಕಳಿಸಿದ್ರೆ ನಿನ್ನ ಕೈ ಮುರೀತೀನಿ."

ಐದಕ್ಕೆ ಲಾರಿ ಬಂತು. ವೆನ್ ತಾನೇ ಉಂಗುರ ಹಿಡಿದುಕೊಂಡು ಬಂದಿದ್ದ, ಜೊತೆಗೆ ಸಿಹಿ ಬಿಸ್ಕತ್ತಿನ ಒಂದು ಡಬ್ಬ. ಕುನ್‌ಶುಯ್ ಒಂದು ಶಾಫ್ಟನ್ನು ನೆಟ್ಟಗೆ ನಿಲ್ಲಿಸಿ, ಎಣ್ಣೆ ಹಚ್ಚಿ, ಉಂಗುರವನ್ನು ಮೇಲಿಟ್ಟು ಕೈ ಬಿಟ್ಟ. ಅದು ತನ್ನ ಭಾರಕ್ಕೆ ತಾನೇ, ಅವಸರವಿಲ್ಲದೆ, ಬುಡದವರೆಗೂ ಇಳಿಯಿತು. ಸುತ್ತ ನಿಂತವರೆಲ್ಲ ಒಟ್ಟಿಗೆ ಉಸಿರು ಬಿಟ್ಟರು. ಎದುರುಗಡೆ ಸ್ಪ್ರಿಂಗಿನವನೂ ಬಂದು ನಿಂತಿದ್ದ, ಅವನೂ ಬಿಟ್ಟ. ಮೂವತ್ತಾರಕ್ಕೂ ಇಳಿಯಿತು.

ಇನ್ನು ಉಳಿದದ್ದು ಒಂದು ಕಾಗದದ ಕೆಲಸ. ಮಾಲು ತಿರುಗಿ ಬಂದರೆ ಏನಾಯಿತು, ಯಾರಿಂದಾಯಿತು ಎಂದು ಬರೆದು, ಸಂಬಂಧಪಟ್ಟವರು ಮೊಹರು ಒತ್ತಿ ಗಿರಾಕಿಗೆ ಕೊಡಬೇಕು. ಮಾನ್‌ಚುನ್ ಒಂದು ಚೂರೂ ಹಿಂಜರಿಯದೆ ಬರೆದಳು. ಮೂವತ್ತಾರು ಶಾಫ್ಟು, ಅಳತೆ ಬದಲಾಯಿಸುವಾಗ ತಪ್ಪು, ಹೊಣೆ ಯಾವ್ ಮಾನ್‌ಚುನ್. ತನ್ನ ಮೊಹರು ಒತ್ತಿದಳು. ಕುನ್‌ಶುಯ್ ಹಿಂದೆ ನಿಂತು, ಅವಳ ಬೆಳಗಿನ ಅಳತೆಯ ಹಾಳೆಯನ್ನು ಮತ್ತೊಮ್ಮೆ ಓದುತ್ತಿದ್ದ. ಹೊಸ ಕಣ್ಣು, ಕನ್ನಡಕವೂ ಬೇಕಿರಲಿಲ್ಲ.

"ಈ ಹತ್ತೊಂಬತ್ತನೇದು ಏನು?"

"ಯಾವ್ದು?"

"ಹತ್ತೊಂಬತ್ತನೇದು. ಚೀಟಿಯಲ್ಲಿ ಇದ್ದದ್ದಕ್ಕಿಂತ ಒಂದು ಸಣ್ಣ ಆಗಿದೆ."

ಮಾನ್‌ಚುನ್ ಬಗ್ಗಿ ನೋಡಿದಳು. 24.9965. "ಒಂದು ಮೈಕ್ರಾನ್ ಸಾಯ್‌ಹು! ತ್ಯಾವಿನಲ್ಲಿ ಹತ್ತನೇ ಒಂದು ಪಾಲು. ಅದನ್ನ ಯಾರು ಕೇಳ್ತಾರೆ ಬಿಡಿ. ಈಗ ಮತ್ತೆ ಉಜ್ಜಿದ್ದೂ ಆಯ್ತು."

"ಕಣ್ಣಿಗೆ ಔಷಧಿ ಹನಿ ಹಾಕ್ಕೊಂಡಿದ್ದೆ ಆವಾಗ. ಹತ್ತು ನಿಮಿಷ ಮಂಜು ಇರ್ತದೆ. ಕಾಯ್ಬೇಕಿತ್ತು. ಕಾಯ್ಲಿಲ್ಲ." ಹಾಳೆಯನ್ನು ಅವಳ ಮುಂದಿಟ್ಟು, ಬೆರಳಿನಿಂದ ತಟ್ಟಿದ. "ಅದನ್ನೂ ಬರಿ."

"ಏನಂತ ಬರೀಲಿ?"

"ಎರಡೂಕಾಲು ತ್ಯಾವ್ ನಿಂದು. ಹತ್ತೊಂಬತ್ತನೇದರಲ್ಲಿ ಒಂದು ಮೈಕ್ರಾನ್ ನಂದು. ಹಾಗೇ ಬರಿ. ನನ್ನ ತಪ್ಪನ್ನ ನ್ಯಾಯವಾಗಿ ನಂಗೆ ಕೊಡು."

ಮೈಕ್ರಾನ್ ಅನ್ನುವ ಮಾತು ಅವನ ಬಾಯಲ್ಲಿ ಬಂದದ್ದನ್ನು ಅವಳು ಅದೇ ಮೊದಲ ಸಲ ಕೇಳಿದ್ದು. ಅವಳು ಬರೆದಳು. ಕುನ್‌ಶುಯ್ ಓದಿ, ಸರಿಯಿದೆ ಎಂದು ತಲೆಯಾಡಿಸಿ, ಜೇಬಿನಿಂದ ಮೊಹರು ತೆಗೆದು ಕೆಂಪು ಶಾಯಿಗೆ ಅದ್ದಿದ. ಅವಳ ಮೊಹರಿನ ಪಕ್ಕದಲ್ಲಿ ತನ್ನದನ್ನು ಒತ್ತಿದ, ನೆಟ್ಟಗೆ, ಒಂದು ಚೂರೂ ಓರೆಯಾಗದ ಹಾಗೆ.